ಮುಖ ಸುಮ್ಮನಿದ್ದರೂ ಮೈ ಸುಮ್ಮನಿರುವುದಿಲ್ಲ

ಅಪ್ಪ ತೀರಿಕೊಂಡು ಏಳು ತಿಂಗಳಾಗಿದ್ದಾಗ ನನಗೆ ದವಡೆಯ ನೋವು ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಕಿವಿಯ ಮುಂಭಾಗವನ್ನು ಯಾರೋ ಹೆಬ್ಬೆರಳಿನಿಂದ ಒತ್ತಿ ಹಿಡಿದಂತೆ ಇರುತ್ತಿತ್ತು. ಬಾಯಿಯನ್ನು ಪೂರ್ತಿ ತೆರೆಯಲು ಹೋದರೆ ಕಟಕ್ಕೆಂದು ಸದ್ದಾಗುತ್ತಿತ್ತು. ಹುಳುಕು ಹಲ್ಲಿರಬೇಕೆಂದುಕೊಂಡು ದಂತವೈದ್ಯರ ಬಳಿ ಹೋದೆ. ಅವರು ಎಕ್ಸ್‌ರೇ ನೋಡಿ, ಹಲ್ಲುಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಕೊನೆಗೆ ನನ್ನ ಕೈಗೆ ಒಂದು ಕನ್ನಡಿ ಕೊಟ್ಟರು. ಕೆನ್ನೆಯ ಒಳಭಾಗದಲ್ಲಿ, ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಸೇರುವ ಮಟ್ಟಕ್ಕೆ ಸರಿಯಾಗಿ, ದಾರ ಎಳೆದಂತೆ ಒಂದು ಬಿಳಿಯ ಗೆರೆ ಮೂಡಿತ್ತು. ನಾಲಗೆಯ ಅಂಚಿನ ಮೇಲೆ ಹಲ್ಲುಗಳ ಅಚ್ಚು ಸಾಲಾಗಿ ಬಿದ್ದಿತ್ತು. ದವಡೆ ಹಲ್ಲುಗಳ ತುದಿ ಸವೆದು ಸಪಾಟಾಗಿತ್ತು. “ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೀರಿ. ಇದಕ್ಕೆ ಕಾರಣ ಹಲವಿರಬಹುದು. ಇತ್ತೀಚೆಗೆ ಮನಸ್ಸಿಗೆ ತುಂಬ ಭಾರವಾದದ್ದು ಏನಾದರೂ ನಡೆದಿದೆಯೇ?” ಎಂದು ಕೇಳಿದರು. “ಅಂಥದ್ದೇನೂ ಇಲ್ಲ ಡಾಕ್ಟರೇ” ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂಬುದು ಆ ಕ್ಷಣಕ್ಕೆ ನನಗೇ ಗೊತ್ತಾಗಲಿಲ್ಲ.

ಮನೆಯ ಹಿರಿಯ ಮಗ ನಾನು. ಅಪ್ಪ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಬಿಲ್ಲು, ಔಷಧಿ, ಬಂಧುಗಳ ಫೋನು, ಎಲ್ಲವನ್ನೂ ನಾನೇ ನೋಡಿಕೊಂಡೆ. ಅವರು ಹೋದ ಮೇಲೆ ಮರಣ ಪ್ರಮಾಣಪತ್ರ, ಬ್ಯಾಂಕಿನ ಕಾಗದಪತ್ರಗಳು, ಅಮ್ಮನ ನಿದ್ದೆ, ತಂಗಿಯ ಅಳು, ಇವುಗಳ ನಡುವೆ ಒಂದು ಹನಿ ಕಣ್ಣೀರೂ ಹಾಕದೆ ಓಡಾಡಿದೆ. ಬಂದವರೆಲ್ಲ ಬೆನ್ನು ತಟ್ಟಿ, ಗಟ್ಟಿ ಮನುಷ್ಯ ಎಂದು ಹೊಗಳಿದರು. ಆ ಮಾತು ಕೇಳಿ ಒಳಗೊಳಗೇ ಹೆಮ್ಮೆಪಟ್ಟದ್ದೂ ನಿಜ. ಈ ದವಡೆಯ ನೋವಿನ ನಂತರ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಓದಿದಷ್ಟೂ ನನಗೆ ಖಚಿತವಾಗುತ್ತಿರುವುದು ಒಂದೇ ಸಂಗತಿ: ಭಾವನೆಯನ್ನು ಅದುಮಿಟ್ಟೆವು ಎಂದು ನಾವು ಹೇಳಿಕೊಳ್ಳುವಾಗ ನಿಜಕ್ಕೂ ಅದುಮಿರುವುದು ಮುಖವನ್ನು ಮಾತ್ರ. ಆ ಭಾವನೆ ಎಬ್ಬಿಸಿದ ದೈಹಿಕ ಕೆಲಸ ಒಳಗೆ ನಡೆದೇ ನಡೆಯುತ್ತದೆ, ಅದುಮುವ ಶ್ರಮ ಬೇರೆ ಅದರ ಮೇಲೆ ಹೇರಿಕೆಯಾಗುತ್ತದೆ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿದ್ದಂತಿದೆ. ಕೋಪ ತಡೆದುಕೊಂಡವನನ್ನು ಅವುಡುಗಚ್ಚಿದ ಎನ್ನುತ್ತೇವೆ. ದುಃಖಕ್ಕೆ ಗಂಟಲು ಕಟ್ಟುತ್ತದೆ, ಎದೆ ಭಾರವಾಗುತ್ತದೆ. ಸಂಕಟಕ್ಕೆ ಕರುಳು ಹಿಂಡುತ್ತದೆ, ಭಯಕ್ಕೆ ಕೈಕಾಲು ತಣ್ಣಗಾಗುತ್ತದೆ. ಇವನ್ನೆಲ್ಲ ಅಲಂಕಾರದ ಮಾತುಗಳೆಂದು ತಿಳಿದಿದ್ದ ನನಗೆ ಅವುಡುಗಚ್ಚುವುದೆಂದರೆ ಏನೆಂಬುದನ್ನು ಆ ಪುಟ್ಟ ಕನ್ನಡಿ ಅಕ್ಷರಶಃ ತೋರಿಸಿಕೊಟ್ಟಿತು.

ಭಯವಾದಾಗ, ಸಿಟ್ಟು ಬಂದಾಗ ಮೈಯೊಳಗೆ ಏನಾಗುತ್ತದೆ ಎಂಬುದನ್ನು ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ವಿವರಿಸಿದ್ದರು. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಾಲಿನ್ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ, ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಜೀರ್ಣಕ್ರಿಯೆ ಮಂದವಾಗುತ್ತದೆ, ರಕ್ತ ಸ್ನಾಯುಗಳ ಕಡೆಗೆ ಹರಿಯುತ್ತದೆ. ಹೋರಾಡಲು ಅಥವಾ ಓಡಿಹೋಗಲು ಇದು ಹೇಳಿ ಮಾಡಿಸಿದ ಏರ್ಪಾಡು. ಕೆಲವು ನಿಮಿಷಗಳಲ್ಲಿ ಮುಗಿದುಹೋಗಬೇಕಾದದ್ದು. ಒತ್ತಡ ಮುಂದುವರಿದರೆ ಮಿದುಳಿನ ಹೈಪೋಥಲಾಮಸ್ ಮತ್ತು ಪಿಟ್ಯುಟರಿಯ ಮೂಲಕ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಕೆಲಸಕ್ಕಿಳಿಯುತ್ತದೆ. ಅದೂ ಬೇಕಾದದ್ದೇ. ಆದರೆ ಅದರ ಮಟ್ಟ ದಿನಗಟ್ಟಲೆ, ತಿಂಗಳುಗಟ್ಟಲೆ ಏರಿಯೇ ಉಳಿದರೆ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ರೋಗನಿರೋಧಕ ಶಕ್ತಿಯ ಲಯ ತಪ್ಪುತ್ತದೆ. ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಲೇಖನದಲ್ಲಿ, ಬೇರೆ ಬೇರೆ ಬಗೆಯ ಹಿಂಸೆಗೆ ಒಳಗಾದ ಇಲಿಗಳಲ್ಲೆಲ್ಲ ಒಂದೇ ತೆರನಾದ ಬದಲಾವಣೆಗಳನ್ನು ಕಂಡದ್ದಾಗಿ ಬರೆದರು: ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ರೋಗನಿರೋಧಕ ಕಣಗಳನ್ನು ಬೆಳೆಸುವ ಥೈಮಸ್ ಕುಗ್ಗಿತ್ತು, ಜಠರದಲ್ಲಿ ಹುಣ್ಣಾಗಿತ್ತು.

ಇದು ಒತ್ತಡದ ಕಥೆಯಾಯಿತು. ಒತ್ತಡವಿದ್ದೂ ಇಲ್ಲದಂತೆ ತೋರಿಸಿಕೊಂಡರೆ ಏನಾಗುತ್ತದೆ ಎಂಬುದು ನನ್ನನ್ನು ಇನ್ನೂ ಹೆಚ್ಚು ಕಾಡಿದ ಪ್ರಶ್ನೆ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಎಂಬ ಮನೋವಿಜ್ಞಾನಿಗಳು ಇದನ್ನು 1993ರಲ್ಲಿ ನೇರವಾಗಿ ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ಅಂಗಚ್ಛೇದನದಂಥ, ನೋಡಲಾಗದ ದೃಶ್ಯಗಳ ಚಿತ್ರ ತೋರಿಸಿ, ಕೆಲವರಿಗೆ ಸುಮ್ಮನೆ ನೋಡಿ ಎಂದೂ, ಉಳಿದವರಿಗೆ ನಿಮ್ಮ ಭಾವನೆ ನೋಡುವವರಿಗೆ ಗೊತ್ತಾಗದಂತೆ ಇರಿ ಎಂದೂ ಹೇಳಿದರು. ಎರಡನೆಯ ಗುಂಪಿನವರು ಮುಖವನ್ನು ಚೆನ್ನಾಗಿಯೇ ಬಿಗಿಹಿಡಿದರು. ಆದರೆ ಅವರಿಗೆ ಆದ ಹೇಸಿಗೆ ಮೊದಲ ಗುಂಪಿನವರಿಗಿಂತ ಕಡಿಮೆಯೇನೂ ಆಗಿರಲಿಲ್ಲ. ಚರ್ಮದ ಬೆವರು, ಬೆರಳಿನ ರಕ್ತನಾಳಗಳ ಬಿಗಿತ ಮಾತ್ರ ಹೆಚ್ಚಾಗಿತ್ತು. ಅವರೇ 1997ರಲ್ಲಿ ದುಃಖದ ಚಿತ್ರ, ನಗೆಯ ಚಿತ್ರ, ಯಾವ ಭಾವವನ್ನೂ ಹುಟ್ಟಿಸದ ಚಿತ್ರ, ಮೂರನ್ನೂ ಬಳಸಿ ಪ್ರಯೋಗ ನಡೆಸಿದರು. ಭಾವವಿಲ್ಲದ ಚಿತ್ರ ನೋಡುವಾಗ ಮುಖ ಬಿಗಿಹಿಡಿದವರ ಮೈಯಲ್ಲಿ ಏನೂ ಆಗಲಿಲ್ಲ. ದುಃಖವನ್ನೋ ನಗುವನ್ನೋ ತಡೆಹಿಡಿದವರ ಹೃದಯ ಮತ್ತು ರಕ್ತನಾಳಗಳ ಮೇಲೆ ಮಾತ್ರ ಹೊರೆ ಬಿತ್ತು. ಅಂದರೆ ಮುಖವನ್ನು ಅಲುಗಾಡದಂತೆ ಇಟ್ಟುಕೊಳ್ಳುವುದು ಮೈಗೆ ಆಯಾಸದ ಕೆಲಸವಲ್ಲ. ಒಳಗಿನಿಂದ ನೂಕಿಕೊಂಡು ಬರುತ್ತಿರುವುದರ ಎದುರು ಬಾಗಿಲು ಹಿಡಿದು ನಿಲ್ಲುವುದು ಆಯಾಸದ ಕೆಲಸ. ಕೆಲವು ನಿಮಿಷಗಳ ಚಿತ್ರಕ್ಕೇ ಹೀಗಾದರೆ, ಏಳು ತಿಂಗಳು ಹಗಲೂ ರಾತ್ರಿ ಬಾಗಿಲು ಹಿಡಿದು ನಿಂತವನ ದವಡೆ ಸವೆದದ್ದರಲ್ಲಿ ಆಶ್ಚರ್ಯವೇನಿದೆ?

ಈ ಹೊರೆ ಅದುಮಿಟ್ಟುಕೊಂಡವರ ಮೈಗಷ್ಟೇ ನಿಲ್ಲುವುದಿಲ್ಲ ಎಂಬುದು ನನಗೆ ತೀರ ನೋವು ತಂದ ತಿಳಿವಳಿಕೆ. 2003ರಲ್ಲಿ ಎಮಿಲಿ ಬಟ್ಲರ್ ಮತ್ತು ಸಂಗಡಿಗರು, ಪರಸ್ಪರ ಪರಿಚಯವಿಲ್ಲದ ಮಹಿಳೆಯರನ್ನು ಜೋಡಿಯಾಗಿ ಕೂರಿಸಿ, ಮನಸ್ಸು ಕಲಕುವ ಒಂದು ಚಿತ್ರದ ಬಗ್ಗೆ ಮಾತನಾಡಿಸಿದರು. ಒಬ್ಬರಿಗೆ ಮಾತ್ರ ಗುಟ್ಟಾಗಿ, ಭಾವನೆ ತೋರಿಸಬೇಡಿ ಎಂದು ಹೇಳಿದ್ದರು. ಏನೂ ತಿಳಿಯದೆ ಎದುರು ಕೂತಿದ್ದವರ ರಕ್ತದೊತ್ತಡವೂ ಏರಿತು. ಇದನ್ನು ಓದಿದ ದಿನ ನನಗೆ ತಂಗಿಯ ನೆನಪಾಯಿತು. ಅಪ್ಪ ಹೋದ ಮೇಲೆ ಅವಳು ನನ್ನೊಡನೆ ಮಾತು ಕಡಿಮೆ ಮಾಡಿದ್ದಳು. ಕಾರಣ ಕೇಳಲು ನನಗೂ ಬಿಡುವಿರಲಿಲ್ಲ. ಒಂದು ವರ್ಷ ಕಳೆದ ಮೇಲೆ ಫೋನಿನಲ್ಲಿ, “ಅಣ್ಣಾ, ನೀನು ಅಪ್ಪನ ಹೆಸರೆತ್ತುತ್ತಲೇ ಇರಲಿಲ್ಲ. ನಾನು ಅತ್ತರೆ ನೀನು ಎದ್ದು ಹೋಗುತ್ತಿದ್ದೆ. ನಾನೊಬ್ಬಳೇ ಅಪ್ಪನನ್ನು ಕಳೆದುಕೊಂಡಿದ್ದೇನೇನೋ ಅನ್ನಿಸುತ್ತಿತ್ತು” ಎಂದಳು. ಅವಳಿಗೆ ಆಸರೆಯಾಗಬೇಕೆಂದೇ ನಾನು ಗಟ್ಟಿಯಾಗಿದ್ದದ್ದು. ಆ ಗಟ್ಟಿತನ ಅವಳ ಪಾಲಿಗೆ ಬರಿಯ ಗೋಡೆಯಾಗಿತ್ತು.

ದವಡೆಯ ನೋವು ಇದರಲ್ಲಿ ಸಣ್ಣ ಸಂಗತಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಹೃದಯ ಅಧ್ಯಯನದ ಭಾಗವಾಗಿ, ಮೂರು ಸಾವಿರಕ್ಕೂ ಹೆಚ್ಚು ಗಂಡಸರು ಹೆಂಗಸರನ್ನು ಹತ್ತು ವರ್ಷ ಗಮನಿಸಿದ ವರದಿಯೊಂದು 2007ರಲ್ಲಿ ಪ್ರಕಟವಾಯಿತು. ಗಂಡನೊಡನೆ ಜಗಳವಾದಾಗ ಮನಸ್ಸಿನಲ್ಲಿದ್ದದ್ದನ್ನು ನುಂಗಿಕೊಳ್ಳುತ್ತಿದ್ದ ಹೆಂಗಸರು ಆ ಅವಧಿಯಲ್ಲಿ ಸಾಯುವ ಸಂಭವ, ಹಾಗೆ ನುಂಗಿಕೊಳ್ಳದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ಒಂದೇ ಅಧ್ಯಯನದಿಂದ ಇದೇ ಕಾರಣ ಎಂದು ತೀರ್ಪು ಕೊಡುವುದು ತಪ್ಪು, ನಿಜ. ಆದರೂ ಹೊಂದಿಕೊಂಡು ಹೋಗುವವಳು, ಎದುರು ಮಾತನಾಡದವಳು ಎಂದು ನಾವು ಮೆಚ್ಚಿ ಹೇಳುವ ಎಷ್ಟು ಹೆಂಗಸರ ಮೈ ಆ ಮೆಚ್ಚುಗೆಯ ಬೆಲೆ ತೆತ್ತಿರಬಹುದು ಎಂಬ ಯೋಚನೆಯನ್ನು ನಾನು ಮನಸ್ಸಿನಿಂದ ತೆಗೆದುಹಾಕಲಾರೆ.

ಗಾಯ ಮಾಯುವುದನ್ನೂ ಅಳೆದು ನೋಡಿದ್ದಾರೆ. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರ ತೋಳಿನ ಮೇಲೆ ಮಾಡಿದ ಒಂದೇ ಅಳತೆಯ ಸಣ್ಣ ಗಾಯ, ಅಂಥ ಹೊರೆಯಿಲ್ಲದವರಿಗಿಂತ ಒಂಬತ್ತು ದಿನ ತಡವಾಗಿ ಮಾಯಿತು ಎಂದು ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ 1995ರಲ್ಲಿ ವರದಿ ಮಾಡಿತು. ಇನ್ನು ತೀವ್ರವಾದ ದುಃಖ, ಆಘಾತಗಳ ನಂತರ ಮೈಗೆಲ್ಲ ರಕ್ತ ದೂಡುವ, ಹೃದಯದ ಎಡ ಹೃತ್ಕುಕ್ಷಿ ಎಂಬ ಕೋಣೆ ತಾತ್ಕಾಲಿಕವಾಗಿ ಬಲಗುಂದಿ, ಬಲೂನಿನಂತೆ ಉಬ್ಬಿಕೊಳ್ಳುವ ಸ್ಥಿತಿಯನ್ನು ಜಪಾನಿನ ವೈದ್ಯರು 1990ರಲ್ಲಿ ಗುರುತಿಸಿದರು. ಅಷ್ಟಪಾದಿಯನ್ನು ಹಿಡಿಯುವ ಮಡಕೆಯ ಆಕಾರ ಕಂಡದ್ದರಿಂದ ಅದಕ್ಕೆ ತಾಕೊತ್ಸುಬೊ ಎಂದು ಹೆಸರಿಟ್ಟರು. ಎದೆಯೊಡೆಯಿತು ಎಂಬ ಮಾತಿಗೆ ವೈದ್ಯರ ಪುಸ್ತಕದಲ್ಲಿಯೂ ಒಂದು ಜಾಗವಿದೆ ಎಂದಾಯಿತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಹೋದರೆ ನಾನು ಅನ್ಯಾಯ ಮಾಡಿದಂತಾಗುತ್ತದೆ. ಕಾಯಿಲೆಗಳೆಲ್ಲ ಮನಸ್ಸಿನಿಂದಲೇ ಹುಟ್ಟುತ್ತವೆ ಎಂಬ ಮಾತು ಸುಳ್ಳು, ಮತ್ತು ಅದು ಕ್ರೂರವಾದ ಸುಳ್ಳು. ಹೊಟ್ಟೆಯ ಹುಣ್ಣಿಗೆ ಚಿಂತೆಯೇ ಕಾರಣವೆಂದು ದಶಕಗಳ ಕಾಲ ನಂಬಲಾಗಿತ್ತು. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದರ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇರುವುದನ್ನು ತೋರಿಸಿಕೊಟ್ಟು 2005ರ ನೊಬೆಲ್ ಪಡೆದರು. ಕ್ಯಾನ್ಸರ್ ಬಂದವರ ಹಾಸಿಗೆಯ ಪಕ್ಕ ಕೂತು, ನೀವು ಎಲ್ಲವನ್ನೂ ಒಳಗೇ ಇಟ್ಟುಕೊಂಡಿರಿ, ಅದಕ್ಕೇ ಹೀಗಾಯಿತು ಎನ್ನುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎದೆ ನೋವು ಬಂದವರು ಮೊದಲು ಇಸಿಜಿ ಮಾಡಿಸಬೇಕು. ಮನಸ್ಸಿನ ಮಾತು ಅದರ ನಂತರದ್ದು.

ಹಾಗಾದರೆ ಬಂದದ್ದನ್ನೆಲ್ಲ ಬಂದ ಹಾಗೆ ಹೊರಗೆ ಕಾರಿಬಿಡಬೇಕೇ ಎಂದರೆ, ಅದೂ ಸರಿಯಲ್ಲ. ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅವಮಾನಿತರಾದ ವಿದ್ಯಾರ್ಥಿಗಳ ಪೈಕಿ ಕೆಲವರು ತಮ್ಮನ್ನು ಅವಮಾನಿಸಿದವನನ್ನು ನೆನೆಸಿಕೊಂಡು ಗುದ್ದುಚೀಲಕ್ಕೆ ಗುದ್ದಿದರು. ಅವರ ಸಿಟ್ಟು ಇಳಿಯುವ ಬದಲು, ಸುಮ್ಮನೆ ಕೂತವರಿಗಿಂತ ಹೆಚ್ಚೇ ಉಳಿಯಿತು. ಎಗರಾಡುವುದೂ ಅದುಮಿಡುವುದೂ ಎರಡೂ ಭಾವನೆಯ ಕಡೆ ತಿರುಗಿ ನೋಡದಿರುವ ದಾರಿಗಳೇ ಎಂದು ನನಗನ್ನಿಸುತ್ತದೆ. ಕೆಲವೊಮ್ಮೆ ತಡೆಹಿಡಿಯಲೇಬೇಕಾಗುತ್ತದೆ: ಶಸ್ತ್ರಚಿಕಿತ್ಸೆ ಮಾಡುತ್ತಿರುವ ವೈದ್ಯರು ಅಳುತ್ತ ನಿಲ್ಲಲಾರರು, ಅನ್ನ ಕೊಡುವ ಯಜಮಾನನ ಎದುರು ಎಲ್ಲರೂ ಬಾಯಿ ಬಿಡಲಾರರು. ಮುಂದಕ್ಕೆ ಹಾಕುವುದು ಬೇರೆ, ಹೂತುಬಿಡುವುದು ಬೇರೆ. ನಾನು ಮುಂದಕ್ಕೆ ಹಾಕುತ್ತಿದ್ದೇನೆ ಎಂದುಕೊಂಡೇ ಹೂತುಬಿಟ್ಟಿದ್ದೆ.

ಹೆಸರಿಟ್ಟು ಹೇಳುವುದರಿಂದ ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಆಧಾರವಿದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ, ಮುಖವೊಂದರ ಚಿತ್ರ ನೋಡಿ ಅದರಲ್ಲಿರುವ ಭಾವಕ್ಕೆ ಸಿಟ್ಟು, ಭಯ ಎಂದು ಪದ ಹಚ್ಚಿದಾಗ ಮಿದುಳಿನಲ್ಲಿ ಭಯದಂಥ ಭಾವಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಇಳಿಯುವುದನ್ನು ಸ್ಕ್ಯಾನ್‌ನಲ್ಲಿ ಕಂಡಿತು. ಅದಕ್ಕೂ ಮೊದಲು, 1986ರಲ್ಲಿ, ಜೇಮ್ಸ್ ಪೆನ್ನಿಬೇಕರ್ ಮತ್ತು ಸ್ಯಾಂಡ್ರಾ ಬೀಲ್ ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ತಮ್ಮ ಬದುಕಿನ ಅತ್ಯಂತ ನೋವಿನ ಘಟನೆಯನ್ನು ಬರೆಸಿದ್ದರು. ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆದ ಕೂಡಲೇ ಮಾತ್ರ ಅವರ ರಕ್ತದೊತ್ತಡ ಏರಿತ್ತು, ಮನಸ್ಸು ಇನ್ನಷ್ಟು ಕುಗ್ಗಿತ್ತು. ನಂತರದ ಅಧ್ಯಯನಗಳಲ್ಲಿ ಈ ಪ್ರಯೋಜನ ಅಷ್ಟೇನೂ ದೊಡ್ಡದಾಗಿ ಕಂಡಿಲ್ಲ; ಎಲ್ಲರಿಗೂ ಒಗ್ಗುವ ಮದ್ದೂ ಅದಲ್ಲ.

ನಾನೂ ಬರೆದೆ. ಮೊದಲ ಎರಡು ರಾತ್ರಿ ಬರೆದದ್ದು ಬರಿಯ ವರದಿ: ಯಾವ ದಿನ ಯಾವ ಪರೀಕ್ಷೆ, ಯಾರು ಏನು ಹೇಳಿದರು. ಮೂರನೆಯ ರಾತ್ರಿ, ಅಪ್ಪ ಆಮ್ಲಜನಕದ ಮಾಸ್ಕ್ ಸರಿಸಿ ಏನೋ ಹೇಳಲು ಹೋದಾಗ ನಾನು “ಆಮೇಲೆ ಮಾತಾಡೋಣ ಅಪ್ಪಾ, ಮೊದಲು ಇದನ್ನು ಹಾಕಿಕೊಳ್ಳಿ” ಎಂದು ಅದನ್ನು ಮತ್ತೆ ಮೂಗಿಗೆ ಏರಿಸಿದ್ದನ್ನು ಬರೆಯುವಾಗ ಕೈ ನಿಂತಿತು. ಆಮೇಲೆ ಎಂಬುದು ಬರಲಿಲ್ಲ. ಏಳು ತಿಂಗಳು ನಾನು ಹಲ್ಲು ಕಚ್ಚಿ ಹಿಡಿದದ್ದು ಈ ಒಂದು ವಾಕ್ಯವನ್ನೇ ಇರಬೇಕು. ಅಂದು ತುಂಬ ಹೊತ್ತು ಅತ್ತೆ. ಮರುದಿನ ತಲೆನೋವಿತ್ತು, ದವಡೆಯೂ ಎಂದಿನಂತೆ ನೋಯುತ್ತಿತ್ತು. ನೋವು ಇಳಿಯಲು ಮತ್ತೆ ಮೂರು ತಿಂಗಳು ಹಿಡಿಯಿತು, ಅದರಲ್ಲಿ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚದ ಪಾಲೆಷ್ಟು, ಅಳುವಿನ ಪಾಲೆಷ್ಟು ಎಂದು ನಾನು ಬೇರ್ಪಡಿಸಿ ಹೇಳಲಾರೆ.

ಆ ವಾಕ್ಯವನ್ನು ಮೊದಲು ಓದಿ ಹೇಳಿದ್ದು ತಂಗಿಗೆ, ನಾನು ಮೇಲೆ ಹೇಳಿದ ಅದೇ ಫೋನಿನಲ್ಲಿ. ಅವಳು ಸಮಾಧಾನ ಹೇಳಲಿಲ್ಲ, ಹಾಗೆಲ್ಲ ಯೋಚಿಸಬೇಡ ಎನ್ನಲಿಲ್ಲ. “ಏನು ಹೇಳೋಕೆ ಹೋಗಿದ್ದರೋ” ಎಂದು ಮಾತ್ರ ಅಂದಳು. ಆಮೇಲೆ ಇಬ್ಬರೂ ಫೋನು ಹಿಡಿದುಕೊಂಡೇ ಸುಮ್ಮನಿದ್ದೆವು. ಮುಂದಿನ ವಾರ ದಂತವೈದ್ಯರನ್ನು ಮತ್ತೆ ಕಾಣಬೇಕಿದೆ. ಅವರು ಅದೇ ಪ್ರಶ್ನೆಯನ್ನು ಕೇಳಿದರೆ, ಈ ಸಲ ಅಪ್ಪನ ವಿಷಯ ಹೇಳುತ್ತೇನೆ.