ಹತ್ತು ಮಹಡಿ ಕಾಯುವ ಒಂದು ಕೋಲು

ನಾನು ಕೆಲಸ ಮಾಡುವ ಕಟ್ಟಡಕ್ಕೆ ಹತ್ತು ಮಹಡಿ, ಮುಂದುಗಡೆಯೆಲ್ಲ ಗಾಜು. ಒಳಗೆ ಕಾಲಿಟ್ಟರೆ ಗೋಡೆಯ ಮೇಲಿಂದ ನೀರು ಇಳಿಯುವ ಒಂದು ಅಲಂಕಾರ. ಅದರ ಪಕ್ಕದಲ್ಲೇ ಒಂದು ಬೋರ್ಡು: 'ಈ ಕಟ್ಟಡ ಎಂಥ ಹವಾಮಾನಕ್ಕೂ ಸಜ್ಜು.' ಕಳೆದ ಸಲ ಜೋರು ಮಳೆ ಬಂದಾಗ ಆ ಒಂದು ಗೋಡೆ ಬಿಟ್ಟು ಮಿಕ್ಕೆಲ್ಲ ಗೋಡೆಗಳ ಮೇಲೂ ನೀರು ಇಳಿಯಿತು. ಕರೆಂಟ್ ಹೋಗಿ ಅಲಂಕಾರದ ಪಂಪ್ ನಿಂತುಹೋಗಿತ್ತು, ಪಾಪ.

ನೀರು ಬಂದಿದ್ದು ಎಲ್ಲಿಂದ? ತಾರಸಿಯಿಂದ. ರಾತ್ರಿ ಪಾಳಿಯ ಸೆಕ್ಯುರಿಟಿಯವರು ಒಂದು ಕೋಲು ಹಿಡಿದು ಮೇಲೆ ಹೋದರು, ಬ್ಯಾಟರಿ ಹಿಡಿಯಲು ನಾನೂ ಹಿಂದೆ ಹೋದೆ. ಮೊಣಕಾಲ ಹತ್ತಿರ ನೀರು. ಅವರು ನೀರು ಇಳಿಯುವ ತೂತು ಎಲ್ಲಿದೆ ಅಂತ ಕಾಲಲ್ಲೇ ಹುಡುಕಿ, ಕೋಲು ತೂರಿಸಿ, ಎರಡು ಸಲ ತಿರುವಿ ಎಳೆದರು. ಮೊದಲು ಒಂದು ಪ್ಲಾಸ್ಟಿಕ್ ಚೀಲ ಬಂತು. ಆಮೇಲೆ ಎಸಿ ರಿಪೇರಿಗೆ ಬಂದವರು ಬಿಟ್ಟುಹೋದ ಒಂದು ಕೈಗವಸು. ಕೊನೆಗೆ ಐಡಿ ಕಾರ್ಡಿನ ಒಂದು ಉದ್ದನೆ ದಾರ, ಅದರ ಮೇಲೆ 'ಸುರಕ್ಷತಾ ಸಪ್ತಾಹ' ಎಂದು ಅಚ್ಚಾಗಿತ್ತು. ಗುಳುಗುಳು ಸದ್ದು ಬಂತು, ನೀರು ಇಳಿಯತೊಡಗಿತು. ನಮ್ಮ ಕಟ್ಟಡದ ವಿಪತ್ತು ನಿರ್ವಹಣೆ ಅಂದರೆ ಇಷ್ಟೇ. ಒಂದು ಕೋಲು, ಒಬ್ಬ ಮನುಷ್ಯ.

ಇದೇನು ತಮಾಷೆಯ ಮಾತಲ್ಲ. ಒಂದು ಚದರ ಮೀಟರ್ ಮೇಲೆ ಒಂದೇ ಒಂದು ಸೆಂಟಿಮೀಟರ್ ನೀರು ನಿಂತರೆ 10 ಕೆಜಿ ಭಾರ. ಸಾವಿರ ಚದರ ಮೀಟರಿನ ತಾರಸಿಯಲ್ಲಿ ಹತ್ತು ಸೆಂಟಿಮೀಟರ್ ನಿಂತರೆ 100 ಟನ್. ಅಷ್ಟು ಭಾರವನ್ನು ತಲೆ ಮೇಲೆ ಕೂರಿಸಿಕೊಂಡು ಕೆಳಗಿನ ಮಹಡಿಯಲ್ಲಿ ನಾವು ಸುಮ್ನೆ ಇಮೇಲ್ ಕಳಿಸುತ್ತಿದ್ದೆವು.

ಮರುದಿನ ಮೀಟಿಂಗ್. "ಏನೂ ಗಾಬರಿ ಬೇಡ, ಇದು ನೂರು ವರ್ಷಕ್ಕೊಮ್ಮೆ ಬರುವ ಮಳೆ. ಬಂತು, ಹೋಯ್ತು. ಇನ್ನು ತೊಂಬತ್ತೊಂಬತ್ತು ವರ್ಷ ನೆಮ್ಮದಿ" ಎಂದರು ನಮ್ಮ ಕಟ್ಟಡದ ಮ್ಯಾನೇಜರ್. ಎಲ್ಲರೂ ತಲೆಯಾಡಿಸಿದರು. ಮಳೆಗೇನು ಟೈಮ್ ಟೇಬಲ್ ಇದೆಯಾ? ಆ ಮಾತಿನ ಅರ್ಥ, ಯಾವುದೇ ವರ್ಷ ಅಂಥ ಮಳೆ ಬರುವ ಸಾಧ್ಯತೆ ನೂರರಲ್ಲಿ ಒಂದು ಅಂತ. ಮುಂದಿನ ವರ್ಷವೂ ಅಷ್ಟೇ, ಅದರ ಮುಂದಿನ ವರ್ಷವೂ ಅಷ್ಟೇ. ಮೂವತ್ತು ವರ್ಷ ನಿಲ್ಲುವ ಕಟ್ಟಡ ಒಮ್ಮೆಯಾದರೂ ಅದನ್ನು ನೋಡುವ ಸಾಧ್ಯತೆ ಶೇಕಡಾ 26. ಅದೂ ಹಳೇ ಲೆಕ್ಕ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಜಾಸ್ತಿಯಾಗುತ್ತದೆ, ಸುರಿಯುವಾಗ ಮಳೆಯೂ ಅಷ್ಟು ಜೋರಾಗಬಹುದು. ನಾನು ಇದನ್ನು ಹೇಳಿದೆ. "ಒಳ್ಳೆಯ ಪಾಯಿಂಟ್" ಎಂದು ಬರೆದುಕೊಂಡರು. ಬರೆದುಕೊಂಡ ಪಾಯಿಂಟ್‌ಗಳೆಲ್ಲ ಎಲ್ಲಿಗೆ ಹೋಗುತ್ತವೋ ಅಲ್ಲಿಗೆ ಅದೂ ಹೋಯಿತು.

ಜನರೇಟರ್ ವಿಷಯ ಕೇಳಲೇಬೇಡಿ. ಪ್ರವಾಹ ಬಂದರೆ ಕರೆಂಟ್ ಹೋಗುತ್ತದೆ, ಅದಕ್ಕೇ ಜನರೇಟರ್ ಇಟ್ಟಿದ್ದೇವೆ. ಎಲ್ಲಿ? ಬೇಸ್‌ಮೆಂಟ್‌ನಲ್ಲಿ. ಊರಿನ ನೀರೆಲ್ಲ ಮೊದಲು ಹುಡುಕಿಕೊಂಡು ಬರುವ ಜಾಗದಲ್ಲಿ. ಕರೆಂಟಿನ ಪ್ಯಾನೆಲ್ಲುಗಳು, ನೀರು ಎತ್ತುವ ಪಂಪು, 'ತುರ್ತು ಯೋಜನೆ' ಎಂಬ ದಪ್ಪ ಫೈಲು, ಎಲ್ಲವೂ ಅಲ್ಲೇ. ನಾವೊಬ್ಬರೇ ಬುದ್ಧಿವಂತರೇನಲ್ಲ ಬಿಡಿ. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಂದಾಗ ಅಲ್ಲಿನ ಒಂದು ಡೇಟಾ ಸೆಂಟರಿನವರು, ಅಂದರೆ ವೆಬ್‌ಸೈಟುಗಳನ್ನು ಓಡಿಸುವ ಕಂಪ್ಯೂಟರುಗಳನ್ನು ಇಟ್ಟುಕೊಂಡವರು, ಜನರೇಟರನ್ನು ಜಾಣತನದಿಂದ ಮೇಲೆ ಇಟ್ಟಿದ್ದರು, ಆದರೆ ಅದಕ್ಕೆ ಡೀಸೆಲ್ ತಳ್ಳುವ ಪಂಪು ಬೇಸ್‌ಮೆಂಟ್‌ನಲ್ಲಿತ್ತು, ಅದು ಮುಳುಗಿತು, ಆಮೇಲೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸುತ್ತ ಡೀಸೆಲ್ಲನ್ನು 17 ಮಹಡಿ ಮೆಟ್ಟಿಲಲ್ಲಿ ಮೇಲಕ್ಕೆ ಸಾಗಿಸಿದರು. ಇಡೀ ಇಂಟರ್ನೆಟ್ಟಿಗೆ ಕ್ಲೌಡ್ ಅನ್ನುವ ಹೆಸರು, ಉಳಿಸಿದ್ದು ಬಕೆಟ್!

ಇನ್ನು ಗಾಳಿ. ಬಿರುಗಾಳಿಯ ಮುನ್ಸೂಚನೆ ಬಂದ ಕೂಡಲೇ ನಮ್ಮಲ್ಲಿ ಗಾಜಿಗೆ ಅಡ್ಡಡ್ಡ ಟೇಪು ಅಂಟಿಸುವ ಸಂಭ್ರಮ. ಟೇಪಿನಿಂದ ಗಾಜಿಗೆ ಒಂದು ಚೂರೂ ಬಲ ಬರುವುದಿಲ್ಲ. ಒಡೆದಾಗ ಚೂರುಗಳು ಅಂಟಿಕೊಂಡು ಇನ್ನೂ ದೊಡ್ಡದಾಗಿ ಮೈಮೇಲೆ ಬೀಳಬಹುದು, ಅಷ್ಟೇ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟು. ಅದು ಛಾವಣಿಯನ್ನು ಮೇಲಿಂದ ಒತ್ತುವುದಕ್ಕಿಂತ ಅಂಚು, ಮೂಲೆಗಳಲ್ಲಿ ಹೀರಿ ಮೇಲಕ್ಕೆತ್ತುವುದೇ ಜಾಸ್ತಿ. ಹಾಗಾಗಿ ನೋಡಬೇಕಾಗಿದ್ದು ಮೂಲೆಯ ಸ್ಕ್ರೂಗಳನ್ನು. ಆದರೆ ಸ್ಕ್ರೂ ಬಿಗಿ ಮಾಡಿದ ಫೋಟೋಗೆ ಯಾರು ಲೈಕ್ ಒತ್ತುತ್ತಾರೆ ಹೇಳಿ, ಟೇಪು ಅಂಟಿಸಿದ್ದಾದರೆ ರಸ್ತೆಗೆ ಕಾಣುತ್ತದೆ.

ಗಾಜಿನ ಹುಚ್ಚಿಗೂ ದೊಡ್ಡ ಇತಿಹಾಸವಿದೆ. ಬಾಸ್ಟನ್ನಿನ ಹ್ಯಾನ್‌ಕಾಕ್ ಟವರ್ 1973ರಲ್ಲಿ ಕಿಟಕಿಗಳನ್ನು ಬೀದಿಗೆ ಉದುರಿಸತೊಡಗಿತ್ತು, ಬಿದ್ದಲ್ಲೆಲ್ಲ ಪ್ಲೈವುಡ್ ಹೊಡೆದರು, ಕೊನೆಗೆ 10,344 ಗಾಜುಗಳನ್ನೂ ಬದಲಾಯಿಸಿದರು. ಲಂಡನ್ನಿನ ಒಂದು ಬಾಗಿದ ಗಾಜಿನ ಕಟ್ಟಡ 2013ರಲ್ಲಿ ಬಿಸಿಲನ್ನು ಒಂದೇ ಕಡೆ ಕೂಡಿಸಿ ಕೆಳಗೆ ನಿಂತ ಕಾರಿನ ಭಾಗಗಳನ್ನೇ ಕರಗಿಸಿತು. ಸೆಕೆಗೆ ಗಾಜಿನ ಡಬ್ಬಿ ಕಟ್ಟಿ, ಒಳಗೆ ಬಂದ ಬಿಸಿಯನ್ನು ಹೊರಗೆ ದಬ್ಬಲು ಎಸಿ ಹಾಕಿ, ಆ ಎಸಿಯ ಬಿಸಿಗಾಳಿಗೆ ಪಕ್ಕದ ಕಟ್ಟಡದವರು ಇನ್ನೊಂದು ಎಸಿ ಹಾಕುವುದು ನಮ್ಮ ಪ್ರಗತಿ.

ಅಂದಹಾಗೆ, ಮೊನ್ನೆ ಸುರಕ್ಷತಾ ಆಡಿಟ್ ಆಯಿತು. ರಿಪೋರ್ಟ್ ನಲವತ್ತು ಪುಟ. ಬೋರ್ಡಿಗೆ ಒಳ್ಳೆಯ ಮಾತು, ನೀರಿನ ಅಲಂಕಾರಕ್ಕೆ ಒಂದು ಎಕ್ಸ್ಟ್ರಾ ಪಂಪು, ಅದಕ್ಕೆ ಜನರೇಟರಿನಿಂದ ನೇರ ಲೈನು. ಆಕ್ಷೇಪ ಒಂದೇ ಒಂದು: 'ತಾರಸಿ ಬಾಗಿಲ ಹಿಂದೆ ಲೆಕ್ಕದಲ್ಲಿಲ್ಲದ ಕೋಲು ಪತ್ತೆ. ಯಾರಾದರೂ ಎಡವಿ ಬೀಳುವ ಅಪಾಯವಿದೆ.'

ಅದೇ ಸಂಜೆ ಕೋಲನ್ನು ತೆಗೆಸಿದರು. ನಿನ್ನೆ ಮಧ್ಯಾಹ್ನದಿಂದ ಮೋಡ ಕಟ್ಟುತ್ತಿದೆ. ಸೆಕ್ಯುರಿಟಿಯವರು ಪಾಳಿಗೆ ಬಂದಾಗ ಕೈಯಲ್ಲೊಂದು ಮಡಚುವ ಛತ್ರಿ ಇತ್ತು. "ಮಳೆಗಾ?" ಅಂದೆ. "ಅಲ್ಲ ಸಾರ್, ಇದರ ಹಿಡಿಕೆ ಕೊಕ್ಕೆ ಥರ ಇದೆ, ನೋಡಿ" ಎಂದರು.