ರಕ್ತದ ಒಂದೇ ಟೆಸ್ಟ್‌ನಲ್ಲಿ ಕ್ಯಾನ್ಸರ್ ಪತ್ತೆ: ದಾವಣಗೆರೆಗೆ ಈಗಲೇ ಬೇಕಾ?

ಪರ

ಕ್ಯಾನ್ಸರ್‌ನಲ್ಲಿ ಜಾಸ್ತಿ ಜನರ ಜೀವ ತೆಗೆಯುವುದು ಮೊದಲು ಹುಟ್ಟಿದ ಗಡ್ಡೆಯಲ್ಲ. ಅಲ್ಲಿಂದ ಕಳಚಿಕೊಂಡು ಲಿವರ್‌ಗೋ ಮೂಳೆಗೋ ಹೋಗಿ ಬೇರೂರುವ ಜೀವಕೋಶಗಳು. ಅಂಥವನ್ನು ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್‌ವರ್ತ್ 1869ರಲ್ಲೇ ರೋಗಿಯೊಬ್ಬನ ರಕ್ತದಲ್ಲಿ ಕಂಡಿದ್ದರು. ಈಗ ಇಡೀ ಜೀವಕೋಶವೇ ಸಿಗಬೇಕೆಂದಿಲ್ಲ. ಗಡ್ಡೆಯ ಕೋಶ ಸತ್ತಾಗ ರಕ್ತಕ್ಕೆ ಸೇರುವ ಡಿಎನ್‌ಎ ಚೂರು ಸಾಕು. ಅದರ ಮೇಲೆ ಅಂಟಿಕೊಂಡಿರುವ ಮೀಥೈಲ್ ಎಂಬ ರಾಸಾಯನಿಕ ಗುರುತು ಅಂಗದಿಂದ ಅಂಗಕ್ಕೆ ಬೇರೆ; ಅದನ್ನು ಓದಿ, ರೋಗ ಯಾವ ಅಂಗದಲ್ಲಿದೆ ಎಂದೂ ಅಂದಾಜಿಸುತ್ತಾರೆ.

ಮೇದೋಜೀರಕ, ಅಂಡಾಶಯದ ಕ್ಯಾನ್ಸರ್‌ಗೆ ಎಲ್ಲರಿಗೂ ಮಾಡುವಂಥ ತಪಾಸಣೆಯೇ ಇಲ್ಲ. ಜಗಳೂರಿನ ಹಳ್ಳಿಯವರು ಗ್ಯಾಸ್ಟ್ರಿಕ್ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿ, ಕೊನೆಗೆ ಬೆಂಗಳೂರಿನ ಕಿದ್ವಾಯಿ ಮುಟ್ಟುವಷ್ಟರಲ್ಲಿ ಕಾಯಿಲೆ ಹಬ್ಬಿರುತ್ತದೆ. ರಕ್ತವನ್ನಾದರೆ ಇಲ್ಲೇ ತೆಗೆದು ಲ್ಯಾಬಿಗೆ ಕಳಿಸಬಹುದು, ಅಲ್ವಾ?

ವಿರೋಧ

ಕಳಿಸಬಹುದು. ಆದರೆ ಬೇಗ ಹಿಡಿಯಬೇಕಾದ ಕಡೆಯೇ ಈ ಟೆಸ್ಟ್ ಕೈಕೊಡುತ್ತದೆ. ಇಂಥ ರಕ್ತದ ಟೆಸ್ಟ್‌ಗಳಲ್ಲಿ ಹೆಸರು ಮಾಡಿದ, ಅಮೆರಿಕದ ಗ್ಯಾಲೆರಿಯನ್ನೇ ನೋಡಿ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ನಾಲ್ಕನೇ ಹಂತದ ಕ್ಯಾನ್ಸರ್‌ಗಳಲ್ಲಿ ಶೇ 90ರಷ್ಟನ್ನು ಹಿಡಿಯಿತು. ಮೊದಲ ಹಂತದಲ್ಲಿ? ಶೇ 17ರಷ್ಟು. ಗಡ್ಡೆ ಚಿಕ್ಕದಿದ್ದರೆ ಉದುರುವ ಡಿಎನ್‌ಎಯೂ ಕಮ್ಮಿ. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಇದೇ ಟೆಸ್ಟ್‌ನಿಂದ 6,600ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ 92 ಮಂದಿಗೆ ಕ್ಯಾನ್ಸರ್ ಸುಳಿವಿದೆ ಎಂದು ಬಂತು. ನಿಜಕ್ಕೂ ಇದ್ದದ್ದು 35 ಮಂದಿಗೆ. ಉಳಿದವರು ಸುಮ್ನೆ ಸ್ಕ್ಯಾನ್‌ಗೆ ಅಲೆದರು. ಅಲ್ಲಿ ಟೆಸ್ಟ್ ಒಂದಕ್ಕೇ 900 ಡಾಲರ್ ದಾಟುತ್ತದೆ. ಇಲ್ಲಿ ಅಷ್ಟು ದುಡ್ಡು ಸುರಿದು, ಆಮೇಲೆ ಸ್ಕ್ಯಾನ್‌ಗೂ ಸಾಲ ಮಾಡಬೇಕಾ?

ನಮ್ಮ ಊರಿನ ದೊಡ್ಡ ಚಿಂತೆ ಕಣ್ಣಿಗೇ ಕಾಣುವಂಥದ್ದು. ಮಂಡಕ್ಕಿ ಅಂಗಡಿಯಲ್ಲಿ ಒಬ್ಬರು ಮಿರ್ಚಿಯನ್ನು ಕಚ್ಚಲಾಗದೆ ಚೂರು ಚೂರು ಮುರಿದು ಬಾಯಿಗೆ ತುರುಕಿಕೊಳ್ಳುತ್ತಿರುತ್ತಾರೆ. ಖಾರ ತಾಗಿದರೆ ಮುಖ ಕಿವುಚುತ್ತಾರೆ. ಬಾಯೊಳಗೆ ಮೂರು ಬೆರಳೂ ಹೋಗುವುದಿಲ್ಲ. ಅಡಿಕೆ, ಗುಟ್ಕಾ ಅಗಿಯುವವರಿಗೆ ಬರುವ ಈ ಬಿಗಿತ ಮುಂದೆ ಕ್ಯಾನ್ಸರ್ ಆಗಬಹುದು. (ಚನ್ನಗಿರಿ ಸೀಮೆಯಲ್ಲಿ ಅಡಿಕೆ ವಿಷಯ ಎತ್ತಿದರೆ ಜಗಳವೇ. ಆದರೂ ಹೇಳಬೇಕು.) ಇದನ್ನು ನೋಡಲು ಟಾರ್ಚ್ ಸಾಕು. ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. ತಂಬಾಕು, ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ಇಳಿಯಿತೆಂದು 2005ರಲ್ಲಿ ವರದಿಯಾಯಿತು.

ಮೊದಲು ಆ ಟಾರ್ಚ್ ನಮ್ಮ ಆಶಾ ಅಕ್ಕಂದಿರ ಕೈಗೆ ಬರಲಿ, ಜೊತೆಗೆ ತರಬೇತಿಯೂ ಸರಿಯಾದ ಸಂಬಳವೂ. ದೊಡ್ಡಕರುಳಿನ ಕ್ಯಾನ್ಸರ್ ಆಪರೇಷನ್ ಆದವರಲ್ಲಿ ರೋಗ ಉಳಿದಿದೆಯಾ ಎಂದು ನೋಡಲು ರಕ್ತದ ಡಿಎನ್‌ಎ ಟೆಸ್ಟ್ ಬಳಸುವುದಾದರೆ, ಅದಕ್ಕೆ ನನ್ನ ತಕರಾರಿಲ್ಲ.