ಕ್ಯಾಶುವಾಲ್ಟಿ ಪೋಸ್ಟಿಂಗೂ ಸೆಕೆಂಡ್ ಮುಳ್ಳೂ

ಅಕ್ಕನ ಮಗಳು ಬಿಎಸ್‌ಸಿ ನರ್ಸಿಂಗ್ ಓದುತ್ತಿದ್ದಾಳೆ. ಮೊನ್ನೆ ರಾತ್ರಿ ಫೋನ್ ಮಾಡಿದಳು. "ಚಿಕ್ಕಮ್ಮಾ, ಸೋಮವಾರದಿಂದ ಕ್ಯಾಶುವಾಲ್ಟಿ ಪೋಸ್ಟಿಂಗ್. ಯಾವ ಚಾಪ್ಟರ್ ಓದ್ಕೊಂಡು ಹೋಗ್ಲಿ?"

ಕ್ಯಾಶುವಾಲ್ಟಿ ಅಂದ್ರೆ ಆಸ್ಪತ್ರೆಯ ತುರ್ತು ಚಿಕಿತ್ಸೆ ವಿಭಾಗ, ಪೋಸ್ಟಿಂಗ್ ಅಂದ್ರೆ ಅಲ್ಲಿ ಕೆಲಸ ಮಾಡ್ತಾ ಕಲಿಯೋ ಸರದಿ. ಪುಸ್ತಕ ಮುಚ್ಚಿಡು ಅಂದೆ. ಅವಳಿಗೆ ಸಿಟ್ಟು ಬಂತು.

ಓದೋದು ಬೇಡ ಅಂತಲ್ಲ. ಆದರೆ ಅಲ್ಲಿ ಸ್ಟೂಡೆಂಟನ್ನು ಯಾರೂ ಕಾಯಿಲೆ ಹೆಸರು ಕೇಳುವುದಿಲ್ಲ. "ಅಂಬು ಬ್ಯಾಗ್ ತಾ" ಅಂತ ಕೂಗುತ್ತಾರೆ, ಅಷ್ಟೇ. ಉಸಿರಾಡಲಾಗದವರಿಗೆ ಕೈಯಲ್ಲಿ ಹಿಸುಕಿ ಗಾಳಿ ಕೊಡೋ ಚೀಲ ಅದು. ಅದಕ್ಕೇ ಮೊದಲ ದಿನ ಅರ್ಧ ಗಂಟೆ ಮುಂಚೆ ಹೋಗಿ ಎಮರ್ಜೆನ್ಸಿ ಟ್ರಾಲಿಯ ಒಂದೊಂದು ಡ್ರಾಯರ್ ತೆಗೆದು ನೋಡಬೇಕು. ಅಡ್ರಿನಾಲಿನ್ ಇಂಜೆಕ್ಷನ್ ಎಲ್ಲಿ, ಅಟ್ರೋಪಿನ್ ಇಂಜೆಕ್ಷನ್ ಎಲ್ಲಿ, ಸಕ್ಷನ್ ಟ್ಯೂಬ್ ಎಲ್ಲಿ. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿಯೇ ತೆಗಿ ಮತ್ತೆ, ಇಲ್ಲಾಂದ್ರೆ ಬೆಳಗ್ಗೆ ಬೆಳಗ್ಗೆ ಬೈಗುಳ ಗ್ಯಾರಂಟಿ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ನಾನು ಸ್ಟೂಡೆಂಟ್ ಆಗಿದ್ದಾಗ ಹಾವು ಕಚ್ಚಿದ ರೈತರೊಬ್ಬರು ಬಂದರು. ಕೊಳಕುಮಂಡಲ ಇರಬೇಕು, ಕಾಲು ಊದಿತ್ತು. ಅಂಥ ಹೊತ್ತಿಗೆ ಮಾಡೋ ಪರೀಕ್ಷೆ ಬಹಳ ಸರಳ. ಒಣಗಿದ, ಶುಭ್ರ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲ್ಲಾಡದಂತೆ ಇಡಬೇಕು. ಆಮೇಲೆ ಒಂದೇ ಸಲ ವಾಲಿಸಿ ನೋಡಬೇಕು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಏರಿದೆ, ಎಎಸ್‌ವಿ, ಅಂದ್ರೆ ಹಾವಿನ ವಿಷಕ್ಕೆ ಕೊಡೋ ಪ್ರತಿವಿಷದ ಇಂಜೆಕ್ಷನ್, ಶುರು ಮಾಡಬೇಕು. ಟ್ಯೂಬನ್ನು ಸೋಪು ಹಾಕಿ ತೊಳೆದಿದ್ದರೂ ಪರೀಕ್ಷೆ ಕೆಡುತ್ತದೆ. ಕಾಯೋ ಕೆಲಸ ನನ್ನದು. ನಾನೋ, ಏಳನೇ ನಿಮಿಷಕ್ಕೇ ತಡೆಯಲಾರದೆ ಎತ್ತಿ ಅಲ್ಲಾಡಿಸಿಬಿಟ್ಟೆ! ಡ್ಯೂಟಿ ಡಾಕ್ಟರ್ ಬೈಯಲಿಲ್ಲ. ಸುಮ್ನೆ ಹೊಸ ಟ್ಯೂಬ್ ಕೈಗಿಟ್ಟರು. ಮತ್ತೆ ಸೊನ್ನೆಯಿಂದ ಲೆಕ್ಕ. ಆ ಏಳು ನಿಮಿಷ ನನ್ನದಲ್ಲ, ಮಂಚದ ಮೇಲೆ ಮಲಗಿದ್ದವರದು.

ಇವತ್ತಿಗೂ ಅಲ್ಲಿ ಸ್ಟೂಡೆಂಟ್‌ಗಳನ್ನು ನೋಡಿದರೆ ಬೇಜಾರಾಗುತ್ತದೆ. ಬಿಪಿ ನೋಡು, ಸ್ಟ್ರೆಚರ್ ತಳ್ಳು, ಮುಗೀತು. ಕಾಲೇಜಿಗೆ ಪೋಸ್ಟಿಂಗ್ ಗಂಟೆ ತುಂಬಿದರೆ ಸಾಕು, ಸ್ಟಾಫಿಗೆ ಕಲಿಸಲು ಪುರುಸೊತ್ತಿಲ್ಲ. ಮಕ್ಕಳೂ ನಾಲ್ಕು ಜನ ಒಟ್ಟಿಗೆ ಮೂಲೆ ಹಿಡಿದು ನಿಲ್ಲುತ್ತಾರೆ. ಹಾಗೆ ನಿಲ್ಲಬೇಡ, "ಸಿಸ್ಟರ್, ಈ ಪೇಷಂಟ್ ಉಸಿರು ನಾನು ಎಣಿಸ್ತೀನಿ" ಅಂತ ಒಂದೇ ಒಂದು ಕೆಲಸ ಕೇಳಿ ತಗೋ ಅಂದೆ.

ಉಸಿರು ಅಂದಾಗ ನೆನಪಾಯಿತು. ಚಾರ್ಟ್‌ಗಳಲ್ಲಿ ಎಲ್ಲರ ಉಸಿರೂ ನಿಮಿಷಕ್ಕೆ 20 ಇರುತ್ತದೆ! ಎಣಿಸಿದವರು ಎಷ್ಟು ಜನವೋ ದೇವರೇ ಬಲ್ಲ. ಕೀಟನಾಶಕ ಹೊಟ್ಟೆಗೆ ಹೋದವರಲ್ಲಿ ಉಸಿರಾಟದ ಸ್ನಾಯುಗಳೇ ಸೋಲಬಹುದು. ಪೂರ್ತಿ ಒಂದು ನಿಮಿಷ ಎದೆ ನೋಡುತ್ತಾ ನಿಂತವರಿಗೇ ಆ ಬದಲಾವಣೆ ಮೊದಲು ಕಾಣೋದು. ಅಂಥವರ ಬಟ್ಟೆ ತೆಗೆಯುವಾಗ ಗ್ಲೌಸ್ ಮರೆಯಬಾರದು, ಚರ್ಮದಿಂದಲೂ ವಿಷ ಇಳಿಯುತ್ತದೆ.

ಸಿಪಿಆರ್‌ಗೂ, ಅಂದ್ರೆ ಹೃದಯ ನಿಂತವರ ಎದೆ ಒತ್ತಿ ಬದುಕಿಸೋ ಪ್ರಯತ್ನಕ್ಕೂ, ಕರೆಯುತ್ತಾರೆ. ಎರಡು ನಿಮಿಷಕ್ಕೊಮ್ಮೆ ಎದೆ ಒತ್ತುವವರು ಬದಲಾಗಬೇಕಲ್ವಾ? ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳ. ಇವಳು ಕುಳ್ಳಿ, ಸ್ಟೂಲ್ ಹತ್ತಿ ಒತ್ತು ಅಂದೆ.

ಕಡೆಗೆ ಕೇಳಿದಳು, "ಮನೆಯವರು ಬಂದು ಅಳ್ತಾ ಕೇಳಿದ್ರೆ?" ಏನೂ ಆಗಲ್ಲ ಅನ್ನಬೇಡ. ಡಾಕ್ಟರ್ ನೋಡ್ತಿದ್ದಾರೆ, ಇಲ್ಲೇ ಕೂತ್ಕೊಳ್ಳಿ, ನೀರು ಕುಡೀತೀರಾ ಅನ್ನು.

ನಿನ್ನೆ ನನ್ನ ಹಳೇ ವಾಚ್ ಕೊಟ್ಟು ಕಳಿಸಿದೆ. ಅದರಲ್ಲಿ ಸೆಕೆಂಡ್ ಮುಳ್ಳಿದೆ. ಬೆಲ್ಟ್ ಮಾತ್ರ ಹೊಸದು ಹಾಕಿಸಬೇಕು.